ಚೀಟಿಯಲ್ಲಿ ಬರೆಯದ ಎತ್ತರ

ಸಂಜೆ ಕೆಲಸದಿಂದ ಬಂದ ನನ್ನ ಹೆಂಡತಿ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅವಳದು ವಿಮಾನಗಳಿಗೆ ದಾರಿ ಹೇಳುವ ಕೆಲಸ. ಯಾವುದು ಎಷ್ಟು ಎತ್ತರದಲ್ಲಿ ಹಾರಬೇಕೆಂದು ರೇಡಿಯೋದಲ್ಲಿ ಹೇಳಬೇಕು, ಹೇಳಿದ್ದನ್ನು ಮೇಜಿನ ಮೇಲಿರುವ ಆ ವಿಮಾನದ ಚೀಟಿಯಲ್ಲಿ ಬರೆಯಬೇಕು.

"ಇವತ್ತು ಎರಡು ವಿಮಾನ ಇನ್ನೇನು ಡಿಕ್ಕಿ ಹೊಡೀತಿದ್ವು ಕಣ್ರೀ," ಎಂದಳು. "ನನ್ನಿಂದ."

"ಏನಾಯ್ತು?" ಎಂದೆ.

ಆದದ್ದಿಷ್ಟು. ಒಂದು ವಿಮಾನಕ್ಕೆ ಮೇಲೇರಲು ಹೇಳಿದ್ದಾಳೆ. ಅಷ್ಟರಲ್ಲಿ ಪಾಳಿ ಮುಗಿದಿದೆ. ಆ ಎತ್ತರವನ್ನು ಆಮೇಲೆ ಬರೆದರಾಯಿತು ಎಂದುಕೊಂಡು ಮಾತಾಡುತ್ತಲೇ ಎದ್ದವಳು ಮರೆತೇಬಿಟ್ಟಿದ್ದಾಳೆ. ಮುಂದಿನ ಪಾಳಿಗೆ ಆ ಕುರ್ಚಿಗೆ ಬಂದ ಗೆಳತಿ ಚೀಟಿಯನ್ನು ನಂಬಿ ಇನ್ನೊಂದು ವಿಮಾನವನ್ನೂ ಅದೇ ಎತ್ತರಕ್ಕೆ ಕಳಿಸಿದ್ದಾಳೆ. ಎರಡೂ ಹತ್ತಿರವಾಗುವುದನ್ನು ಪರದೆಯ ಮೇಲೆ ಕಂಡು, ಕೂಡಲೇ ಒಂದನ್ನು ಪಕ್ಕಕ್ಕೆ ತಿರುಗಿಸಿದ್ದಾಳೆ.

"ಅಬ್ಬಾ! ಏನೂ ಆಗ್ಲಿಲ್ಲ ತಾನೆ? ಬಿಡು ಮತ್ತೆ."

"ಬಿಡೋದು ಹೇಗೆ? ಆಫೀಸಿಗೆ ಬರ್ಕೊಡ್ಬೇಕು."

"ನಿನಗೇನು ತಲೆ ಕೆಟ್ಟಿದ್ಯಾ? ಮುಂದಿನ ತಿಂಗಳು ತರಬೇತಿ ಕೊಡೋ ಹುದ್ದೆ ಸಿಗುತ್ತೆ. ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತೀಯಾ? ಸುಮ್ನಿರು!"

ಮಹಾ ಬುದ್ಧಿವಂತನ ಹಾಗೆ ಹೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳು ಆ ದಿನ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಮರುದಿನ ಕೆಳಗಿನ ಮನೆಯ ಕನ್ನಡಕದಕ್ಕ ಬಂದರು. ಅವರು ಹೆಂಡತಿಯ ಆಫೀಸಿನಲ್ಲೇ ಹಿರಿಯರು. ನನ್ನ ವಾದವನ್ನೆಲ್ಲ ಕೇಳಿ ನಕ್ಕರು.

"ರಿಪೇರಿ ರಾಯರೇ, ನೀವು ಲಿಫ್ಟ್ ನೋಡ್ಕೊಳ್ಳೋರು. ಲಿಫ್ಟ್ ಅರ್ಧ ಅಡಿ ಜಾರಿ ತಾನೇ ನಿಂತಿತು, ಯಾರಿಗೂ ಗಾಯ ಆಗ್ಲಿಲ್ಲ ಅನ್ನಿ. ಏನ್ಮಾಡ್ತೀರಿ?"

"ಇದೇನ್ ಕೇಳ್ತೀರಕ್ಕಾ! ನಿಲ್ಲಿಸಿಬಿಟ್ಟು ಬ್ರೇಕೆಲ್ಲ ಬಿಚ್ಚಿ ನೋಡ್ತೀನಿ. ಇವತ್ತು ಅರ್ಧ ಅಡಿ, ನಾಳೆ..."

ಮಾತಿನ ನಡುವೆಯೇ ಹೆಂಡತಿಯ ಕಡೆ ತಿರುಗಿದೆ.

"ನಮ್ಮದೂ ಅಷ್ಟೇ," ಎಂದರು ಅಕ್ಕ. "ಕೂದಲೆಳೆಯಲ್ಲಿ ತಪ್ಪಿದ್ದನ್ನ ಅದೃಷ್ಟ ಅಂತ ಮರೆತ್ರೆ, ಅದೇ ತಪ್ಪು ಇನ್ನೊಬ್ಬರಿಗೆ ಕಾದಿರುತ್ತೆ. ಪ್ರಾಣ ಹೋಗೋಕೆ ಮುಂಚೆ ಸಿಗೋ ಪಾಠ ಇದು."

"ಹುದ್ದೆ ಹೋದ್ರೆ?" ಎಂದೆ.

"ಸ್ವಲ್ಪ ತಡ ಆಗ್ಬಹುದು. ಆಗಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ತಾನಾಗೇ ಬಂದು ಹೇಳಿದೋರನ್ನ ನಮ್ಮಲ್ಲಿ ಶಿಕ್ಷಿಸಲ್ಲ."

ನಾನೇ ಒಳಗೆ ಹೋಗಿ ಪೆನ್ನು ತಂದು ಹೆಂಡತಿಗೆ ಕೊಟ್ಟೆ. "ಒಂದಕ್ಷರ ಬಿಡದೆ ಬರಿ," ಎಂದೆ. ಅವಳ ಕಣ್ಣು ತುಂಬಿತು.

ಹುದ್ದೆ ಮೂರು ತಿಂಗಳು ತಡವಾಯಿತು, ನಿಜ. ಆದರೆ ಅವಳ ಬರಹದಿಂದ ಹೊಸ ನಿಯಮ ಬಂತು. ಚೀಟಿಗಳನ್ನೆಲ್ಲ ಪಾಳಿ ಮುಗಿಸಿದವರು, ಪಾಳಿಗೆ ಬಂದವರು ಇಬ್ಬರೂ ಒಟ್ಟಿಗೆ ಓದಿ ಮುಗಿಸುವ ತನಕ ಕುರ್ಚಿ ಬಿಟ್ಟು ಏಳುವಂತಿಲ್ಲ. ಇಂದು ಹೊಸಬರಿಗೆ ಅದನ್ನು ಕಲಿಸುವವಳು ಅವಳೇ.

ಅವಳು ಬರೆದುಕೊಟ್ಟ ಮೇಲೆ ಅವಳ ಇನ್ನೊಬ್ಬ ಸಹೋದ್ಯೋಗಿ ಧೈರ್ಯಮಾಡಿ ಬಾಯಿಬಿಟ್ಟರು. ಅವಳ ತಪ್ಪಿಗೆ ಎರಡು ವಾರ ಮುಂಚೆ ಅದೇ ಕುರ್ಚಿಯಲ್ಲಿ ಅವರಿಗೂ ಹೀಗೇ ಆಗಿತ್ತಂತೆ. ಮನೆಯವರು, "ಏನೂ ಆಗ್ಲಿಲ್ಲವಲ್ಲ, ಸುಮ್ನಿರು," ಎಂದಿದ್ದರಂತೆ. ಅವರು ಸುಮ್ಮನಿದ್ದುದಕ್ಕೇ ಆ ತಪ್ಪು ನನ್ನ ಹೆಂಡತಿಯ ತನಕ ಬಂತು, ಎರಡು ವಿಮಾನಗಳ ತುಂಬ ಇದ್ದ ಜನರ ತನಕ ಬಂತು.

ಓದುಗರೇ, ನೀವು ಎಲ್ಲೇ ದುಡಿಯಿರಿ, ಸ್ವಲ್ಪದರಲ್ಲಿ ತಪ್ಪಿದ ಅಪಾಯವನ್ನು ಮುಚ್ಚಿಡಬೇಡಿ. ಅಂದೇ ಹೇಳಿ. ನಿಮ್ಮ ಮನೆಯವರು ಹೇಳಲು ಹೊರಟರೆ, ದಯವಿಟ್ಟು ನನ್ನ ಹಾಗೆ ಬಾಯಿ ಮುಚ್ಚಿಸಬೇಡಿ.