ದೊಡ್ಡಮ್ಮನ ಉದ್ದನೆಯ ಮೆಸೇಜು

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೊಳೆ ಹೊದಿಕೆಗಳನ್ನು ಬೇರ್ಪಡಿಸುವುದು ಸಣ್ಣಕ್ಕನ ಕೆಲಸ. ರಕ್ತ, ವಾಂತಿ, ಕೀವು, ಯಾವುದಕ್ಕೂ ಅವಳು ಮೂಗು ಮುರಿದವಳಲ್ಲ. ಆದರೆ ಆ ಬೆಳಿಗ್ಗೆ ಟೀ ಹೊತ್ತಿನಲ್ಲಿ ಫೋನು ತೆರೆದಾಗ ಮಾತ್ರ ಅಸಹ್ಯಪಟ್ಟು ಲೋಟವನ್ನು ಪಕ್ಕಕ್ಕೆ ತಳ್ಳಿದಳು.

ಇನ್ನು ಮುಂದೆ ಡ್ಯೂಟಿ ವಿಷಯವೆಲ್ಲ ಗ್ರೂಪಿನಲ್ಲೇ ಎಂದು ಮೇಲ್ವಿಚಾರಕರು ಹೇಳಿದ ಮೇಲೆ, ಹರಿದ ಹೊದಿಕೆ ಹೊಲಿಯುವ ದೊಡ್ಡಮ್ಮನೂ ಒಂದು ಫೋನು ಕೊಂಡಿದ್ದಳು. ಯಾರು 'ಜಿಎಂ' ಎಂದು ಹಾಕಿದರೂ ಪಾಪ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಶುಭೋದಯ ಬರೆಯುತ್ತಿದ್ದಳು. ಕೊನೆಗೆ ತಪ್ಪದೆ 'ಇಂತಿ ನಿಮ್ಮ ದೊಡ್ಡಮ್ಮ'. ಬಾಯ್ಲರ್ ನೋಡಿಕೊಳ್ಳುವವನು ಅದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು, ಅವಳೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ಇದ್ದ ಇನ್ನೊಂದು ಗ್ರೂಪಿಗೆ ಹಾಕುತ್ತಿದ್ದ. ಅದಕ್ಕೆ 'ಆಣಿಮುತ್ತುಗಳು' ಎಂದು ಹೆಸರು ಬೇರೆ. ಸಣ್ಣಕ್ಕನೂ ಅಲ್ಲಿ ಹಲ್ಲು ಕಿರಿದವಳೇ.

ಆ ಬೆಳಿಗ್ಗೆ ದೊಡ್ಡಮ್ಮ ಬರೆದಿದ್ದಳು: 'ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ನಿನ್ನೆಯಿಂದ ಮಾತು ನಿಂತಿದೆ. ಮೇಲಿನ ವಾರ್ಡಿನಲ್ಲಿದ್ದಾರೆ. ನನ್ನ ಸಂಜೆ ಡ್ಯೂಟಿ ಯಾರಾದರೂ ಮಾಡಿದರೆ ಯಜಮಾನರ ಪಕ್ಕ ಕೂತಿರುತ್ತೇನೆ. ಇಂತಿ ನಿಮ್ಮ ದೊಡ್ಡಮ್ಮ.'

ಕೆಳಗೆ ಬಾಯ್ಲರ್‌ನವನ 'ಎಲ್‌ಓಎಲ್'. ಅದರ ಕೆಳಗೆ ಇನ್ನಿಬ್ಬರದು. ಆಣಿಮುತ್ತಿನಲ್ಲಂತೂ 'ಮಾತು ನಿಂತಿದೆ' ಎಂಬಷ್ಟನ್ನು ಕತ್ತರಿಸಿ, ಬಾಯಿಗೆ ಬೀಗ ಹಾಕಿದ ಕೋತಿಯ ಚಿತ್ರಕ್ಕೆ ಅಂಟಿಸಿದ್ದ. ಥೂ! ಇವನ ಜನ್ಮಕ್ಕಿಷ್ಟು!

ಸಣ್ಣಕ್ಕ ನೆಟ್ಟಗೆ ಬಾಯ್ಲರ್ ಕೋಣೆಗೆ ಹೋದಳು. "ನಾಚಿಕೆ ಆಗಲ್ವಾ ನಿಂಗೆ?"

"ಅಯ್ಯೋ, ಪೂರ್ತಿ ಓದೇ ಇಲ್ಲ ಕಣಕ್ಕ. ಅಷ್ಟುದ್ದ ಯಾರು ಓದ್ತಾರೆ? ಚಿಕ್ಕದಾಗಿ ಬರೀಬೇಕು, ಆನ್‌ಲೈನಲ್ಲಿ ಅದೇ ಮರ್ಯಾದೆ."

"ಓದದೇನೇ ಕತ್ತರಿಸಿ ಕೋತಿಗೆ ಅಂಟಿಸಿದ್ಯಾ?"

ಅವನು ಮುಖ ಸಿಂಡರಿಸಿದ. "ಏನೋ ತಮಾಷೆಗೆ. ಇಷ್ಟು ದಿನ ನೀನೂ ನಗ್ತಿದ್ದೆ ತಾನೇ?"

ಅಸಹ್ಯವೆಲ್ಲ ತನ್ನ ಕಡೆಗೇ ತಿರುಗಿದಂತಾಗಿ ಸಣ್ಣಕ್ಕ ಹೊರಬಂದಳು.

ಹೊಲಿಗೆ ಮೇಜಿನ ಬಳಿ ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಫೋನು ನೋಡುತ್ತಿದ್ದಳು. "ಬಾಮ್ಮ. ಮೂರು ಜನ ಎಲ್‌ಓಎಲ್ ಅಂತ ಹಾಕಿದಾರೆ ನೋಡು. ಏನು ಹಾಗಂದ್ರೆ? ಸಂಜೆ ಯಾರು ಬರ್ತಾರಂತೆ?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಸಣ್ಣಕ್ಕ ಅದನ್ನು ನುಂಗಿಕೊಂಡಳು. "ಯಾರೂ ಇಲ್ಲ ದೊಡ್ಡಮ್ಮ. ಜೋರಾಗಿ ನಗು ಬಂತು ಅನ್ನೋಕೆ ಅದನ್ನ ಹಾಕೋದು."

ದೊಡ್ಡಮ್ಮ ಫೋನನ್ನು ಮಗುಚಿಟ್ಟಳು. ಸೂಜಿ ಎತ್ತಿಕೊಂಡು, "ನಾನೇ ಏನೋ ತಪ್ಪಾಗಿ ಬರ್ದಿರ್ಬೇಕು ಬಿಡು," ಎಂದಳು.

ಸಣ್ಣಕ್ಕ ತನ್ನ ಫೋನು ತೆಗೆದಳು. ಅಲ್ಲೇ ನಿಂತು ಎಲ್ಲರೂ ಇರುವ ಗ್ರೂಪಿಗೆ ಬರೆದಳು: 'ಎಲ್ಲರಿಗೂ ನಮಸ್ಕಾರ. ದೊಡ್ಡಮ್ಮ ಬರೆದದ್ದರಲ್ಲಿ ಯಾವ ತಪ್ಪೂ ಇಲ್ಲ. ತಪ್ಪು ನಕ್ಕವರದು, ನನ್ನದೂ ಸೇರಿ. ಸಂಜೆ ಅವರ ಡ್ಯೂಟಿ ನಾನು ಮಾಡುತ್ತೇನೆ. ಇಂತಿ ನಿಮ್ಮ ಸಣ್ಣಕ್ಕ.' ಆಮೇಲೆ ಆಣಿಮುತ್ತುಗಳಿಂದ ಹೊರಬಿದ್ದಳು.

ದೊಡ್ಡಮ್ಮ ಫೋನೆತ್ತಿ, ಅಕ್ಷರಗಳ ಕೆಳಗೆ ಬೆರಳಾಡಿಸುತ್ತ, ಕೊನೆಯ 'ಇಂತಿ ನಿಮ್ಮ' ತನಕ ಓದಿದಳು. ಮತ್ತೊಮ್ಮೆ ಓದಿದಳು.

"ಆದ್ರೆ ನಂಗೆ ಸೂಜಿ ಹಿಡಿಯೋಕೂ ನೆಟ್ಟಗೆ ಬರಲ್ಲ," ಎಂದಳು ಸಣ್ಣಕ್ಕ.

"ಬಾ, ಕೂತ್ಕೋ. ತೋರಿಸ್ಕೊಟ್ಟು ಸಂಜೆ ಮೇಲಕ್ಕೆ ಹೋಗ್ತೀನಿ," ದೊಡ್ಡಮ್ಮ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. "ಗೊತ್ತಾಗ್ದಿದ್ರೆ ಎಷ್ಟು ಸಲ ಬೇಕಾದ್ರೂ ಕೇಳು. ನಾನು ನಗಲ್ಲ."