ಓಗೊಡದ ಮನೆಗಳು

ಮಾತು ಬೆಳ್ಳಿ, ಮೌನ ಬಂಗಾರ ಎಂದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಮಗಳ ಹುಟ್ಟುಹಬ್ಬಕ್ಕೆ ಹತ್ತು ಮನೆಯವರನ್ನು ಕರೆದು ಉತ್ತರಕ್ಕೆ ಕಾದವನಂತೂ ಅಲ್ಲ. ಶನಿವಾರ ಸಂಜೆ ಪಾರ್ಟಿ. ಬುಧವಾರ ಬಂದರೂ ಒಂದು ಮನೆಯಿಂದಲೂ ಬರುತ್ತೇವೆ ಎಂದಿಲ್ಲ, ಬರುವುದಿಲ್ಲ ಎಂದೂ ಇಲ್ಲ. ಕಾರ್ಡಿನ ಕೆಳಗೆ ನನ್ನ ಫೋನ್ ನಂಬರನ್ನು ಮಗಳೇ ಕೆಂಪು ಪೆನ್ಸಿಲಿನಲ್ಲಿ ಬರೆದಿದ್ದಳು. ನಂಬರು ಸರಿಯಾಗಿಯೇ ಇತ್ತು. ಕೊಡುವ ಮೊದಲು ಒಂದೊಂದನ್ನೂ ನಾನೇ ನೋಡಿದ್ದೆ.

ಮಗಳಿಗೆ ಏಳು ತುಂಬುತ್ತದೆ. ಹುಟ್ಟಿದ ಹೊಸದರಲ್ಲಿ ಅವಳು ಅಳುತ್ತಿದ್ದ ರಾಗ ಕೇಳಿ ನನ್ನ ಅತ್ತೆ ಅವಳನ್ನು ಪಿಟೀಲು ಎಂದು ಕರೆದರು, ಅದೇ ಉಳಿಯಿತು. ಶಾಲೆಯಲ್ಲಿ ಬೇರೆ ಹೆಸರಿದೆ. ಮನೆಯಲ್ಲಿ ಆ ಹೆಸರು ಹಿಡಿದು ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ.

ಎರಡು ತಿಂಗಳ ಹಿಂದೆ ತರಗತಿಯಲ್ಲಿ ಪಿಟೀಲಿಗೆ ಫಿಟ್ಸ್ ಬಂತು. ಚಿತ್ರ ಬರೆಯುವ ಪೀರಿಯಡ್. ಬೆಂಚಿನಿಂದ ಜಾರಿ ಬಿದ್ದಳಂತೆ, ಕೈಕಾಲು ಅದುರಿದವಂತೆ, ಬಾಯಲ್ಲಿ ನೊರೆ ಬಂತಂತೆ, ಫ್ರಾಕು ಒದ್ದೆಯಾಯಿತಂತೆ. ನಾನು ಅಲ್ಲಿರಲಿಲ್ಲವಾದ್ದರಿಂದ ನನ್ನ ಪಾಲಿಗೆ ಎಲ್ಲವೂ ಅಂತೆ. ಟೀಚರ್ ಗಾಬರಿಯಾಗಿ ಮಿಕ್ಕ ಮಕ್ಕಳನ್ನೆಲ್ಲ ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡರು. ಆಚೆ ನಿಂತ ಮಕ್ಕಳು ಏನೆಂದುಕೊಂಡರೋ ಯಾರೂ ಕೇಳಲಿಲ್ಲ. ಅಂದಿನಿಂದ ಅವಳ ಬೆಂಚಿನಲ್ಲಿ ಅವಳೊಬ್ಬಳೇ.

"ಅಮ್ಮಾ, ಈಗ ಬ್ಯಾಗ್ ಇಡೋಕೆ ತುಂಬ ಜಾಗ ಇದೆ" ಎಂದಳು ಒಂದು ಸಂಜೆ. ದೂರು ಹೇಳುವ ದನಿಯೂ ಅಲ್ಲ ಅದು. ಈ ಸಲ ಹುಟ್ಟುಹಬ್ಬ ಜೋರಾಗಿ ಮಾಡೋಣ, ಎಲ್ಲರನ್ನೂ ಕರೆಯೋಣ ಎಂದು ಆ ಹೊತ್ತಿನಲ್ಲಿ ಬಾಯಿಬಿಟ್ಟವಳು ನಾನೇ.

ನರರೋಗದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದಿದ್ದರು. ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಸುತ್ತಲಿನ ಗಟ್ಟಿ ಸಾಮಾನು ಸರಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಬೇಕು. ಎಲ್ಲ ಬಾಯಿಪಾಠ ಮಾಡಿಕೊಂಡೆ. ಧೈರ್ಯ ಮಾತ್ರ ಬರಲಿಲ್ಲ. ಅವಳು ಚಮಚ ಬೀಳಿಸಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಬಚ್ಚಲಲ್ಲಿ ಒಂದು ಗಳಿಗೆ ನೀರಿನ ಸದ್ದು ನಿಂತರೆ ಬಾಗಿಲು ಬಡಿಯುತ್ತೇನೆ. "ಸೋಪು ಹಚ್ಕೊಳ್ತಿದೀನಿ ಅಮ್ಮಾ!" ಎಂದು ಒಳಗಿನಿಂದ ರೇಗುತ್ತಾಳೆ. ಹಾವು ಕಡಿದವರಿಗೆ ಹಗ್ಗ ಕಂಡರೂ ಭಯ.

ನಾನು ಕೆಲಸ ಮಾಡುವುದು ಹಲ್ಲಿನ ಆಸ್ಪತ್ರೆಯಲ್ಲಿ, ಮುಂದಿನ ಮೇಜಿನ ಹಿಂದೆ. ಬರುತ್ತೇವೆಂದು ದಿನ ಗೊತ್ತು ಮಾಡಿಕೊಂಡು ಆಮೇಲೆ ಫೋನಿಗೂ ಸಿಗದವರನ್ನು ಬೆನ್ನುಹತ್ತಿ ಕರೆಯುವುದು ನನ್ನ ಕೆಲಸ. ಅತ್ತೆ ಬುಧವಾರ ರಾತ್ರಿ ಊಟ ಬಡಿಸುತ್ತ ಅದನ್ನೇ ಎತ್ತಿ ಆಡಿದರು.

"ದಿನಾ ಬೆಳಗಾದ್ರೆ ಕಂಡೋರಿಗೆಲ್ಲ ಫೋನ್ ಮಾಡ್ತೀಯ. ಮಗಳ ವಿಷಯಕ್ಕೆ ಬಂದ್ರೆ ಬಾಯಿಗೆ ಬೀಗ. ಊರಿಗೆ ಉಪಕಾರಿ, ಮನೆಗೆ ಮಾರಿ."

"ಕರೆದದ್ದು ನಾವು ಅತ್ತೆ. ಹೇಳಬೇಕಾದ್ದು ಅವರು."

"ಹೌದೌದು. ಹೀಗೇ ಅಂದ್ಕೊಂಡು ಕೂತಿರು. ಮಗು ಶನಿವಾರ ಖಾಲಿ ಕುರ್ಚಿಗಳ ಜೊತೆ ಕೇಕ್ ತಿನ್ನಲಿ."

ಪಿಟೀಲು ತಟ್ಟೆಯಿಂದ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು.

ಉತ್ತರ ಕೊಡದವರ ಬಗ್ಗೆ ನನ್ನಷ್ಟು ತಿಳಿದವರು ಕಡಿಮೆ. ಕೊಬ್ಬು, ಉಡಾಫೆ, ಮರೆವು ಎಂದೆಲ್ಲ ಜನ ಅಂದುಕೊಳ್ಳುತ್ತಾರೆ. ನೂರಕ್ಕೆ ತೊಂಬತ್ತು ಮಂದಿ ಹೆದರಿದವರು, ಅಷ್ಟೇ. ಅವರಿಗೆ ಫೋನ್ ಮಾಡಿ ಬರ್ತೀರಾ ಎಂದು ಕೇಳಿದರೆ ಹೂಂ ಎಂದು ಮತ್ತೆ ಮಾಯವಾಗುತ್ತಾರೆ. ಹಾಗೆ ಕೇಳಬಾರದು. ಯಾವುದಕ್ಕೆ ಹೆದರಿಕೆ ಆಗ್ತಿದೆ ಎಂದು ಕೇಳಬೇಕು. ಮೊದಲು ಒಂದು ಉಸಿರು ಕೇಳಿಸುತ್ತದೆ, ಆಮೇಲೆ ನಿಜ ಬರುತ್ತದೆ. ಒಬ್ಬರಿಗೆ ಸೂಜಿ, ಒಬ್ಬರಿಗೆ ಆ ಕೊರೆಯುವ ಸದ್ದು. ನೂರು ಕಿಲೋ ಎತ್ತುವ ವ್ಯಾಯಾಮಶಾಲೆಯ ಮೇಷ್ಟ್ರೊಬ್ಬರಿಗೆ ಬಾಯಿಯಲ್ಲಿ ಇಡುವ ಹತ್ತಿಯ ಉಂಡೆ!

ಗುರುವಾರ ಬೆಳಿಗ್ಗೆ ಆ ಮೇಷ್ಟ್ರನ್ನೇ ಪುಸಲಾಯಿಸಿ ಫೋನ್ ಇಡುತ್ತಿದ್ದೆ. ನಮ್ಮ ಡಾಕ್ಟರಮ್ಮ ಕೈಗವಸು ಕಳಚುತ್ತ ಹೊರಗೆ ಬಂದರು.

"ನಿಮ್ಮ ಹುಡುಗಿ ಪಾರ್ಟಿಗೆ ಎಷ್ಟು ಮಕ್ಕಳು ಬರ್ತಿದಾರೆ?"

"ಯಾರೂ ಏನೂ ಹೇಳಿಲ್ಲ ಮೇಡಮ್."

"ಯಾವುದಕ್ಕೆ ಹೆದರಿಕೆ ಅಂತ ಕೇಳಿದ್ರಾ?"

ನನಗೆ ಮೈಯೆಲ್ಲ ಉರಿಯಿತು. ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಪ್ಲಾಸ್ಟರಿನ ದವಡೆಯನ್ನು ಎತ್ತಿ ಎಸೆಯಬೇಕೆನಿಸಿತು. ಅವರು ಕೇಳಿದ್ದು ಆ ಮನೆಯವರ ವಿಷಯ, ಚುಚ್ಚಿದ್ದು ನನಗೆ. ಏಕೆಂದರೆ ಆ ಹತ್ತು ಮನೆಗಳ ಮೌನ ನನಗೆ ಒಳಗೊಳಗೇ ಹಿತವಾಗಿತ್ತು. ಯಾರೂ ಬರದಿದ್ದರೆ ಅವಳು ಬೀಳುವುದನ್ನು ಯಾರೂ ನೋಡುವುದಿಲ್ಲ. ಹತ್ತು ಮಕ್ಕಳು ಕಿರುಚಿ ಗೋಡೆಗೆ ಒತ್ತಿಕೊಳ್ಳುವುದು, ಮತ್ತೊಂದು ಬಾಗಿಲು ಮುಚ್ಚಿಕೊಳ್ಳುವುದು, ಸೋಮವಾರದಿಂದ ಪಕ್ಕದ ಬೆಂಚೂ ಖಾಲಿಯಾಗುವುದು, ಇದನ್ನೆಲ್ಲ ಕಣ್ಣಾರೆ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಹೆದರಿ ಫೋನ್ ಎತ್ತದೆ ಕೂತವರಲ್ಲಿ ಮೊದಲನೆಯವಳು ನಾನು. ಇದು ತಿಳಿದಾಗ ನನಗೆ ನಾಚಿಕೆಯಾಯಿತು.

ಊಟದ ಬಿಡುವಿನಲ್ಲಿ ಸಲಕರಣೆ ಶುದ್ಧಮಾಡುವ ಸ್ಟೆರಿಲೈಸರಿನ ಪಕ್ಕದ ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ಫೋನೆತ್ತಿದ ಮೊದಲನೆಯಾಕೆ ಶನಿವಾರ ಬೇರೆ ಕಡೆ ಹೋಗುತ್ತಿದ್ದೇವೆ ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಪಾಪ, ಅವಳೂ ಇನ್ನೂ ಯೋಚಿಸಿರಲಿಲ್ಲ. ಎರಡನೆಯದು ಒಬ್ಬ ಹುಡುಗನ ತಂದೆ, ಔಷಧಿ ಅಂಗಡಿಯವರು. ಯಾವುದಕ್ಕೆ ಹೆದರಿಕೆ ಸಾರ್ ಎಂದೆ. ಉಸಿರು ಕೇಳಿಸಿತು.

"ತಪ್ಪು ತಿಳ್ಕೋಬೇಡಿ. ಅದು... ಅಂಟುತ್ತಾ?"

ಊರಿಗೆಲ್ಲ ಮಾತ್ರೆ ಮಾರುವ ಮನುಷ್ಯ! ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡು ಅಂಟುವುದಿಲ್ಲ ಎಂದೆ. ಬಿದ್ದರೆ ಏನು ಮಾಡಬೇಕೆಂದೂ ಹೇಳಿದೆ. ಹಾಗಾದರೆ ನೋಡೋಣ ಎಂದರು.

ಮೂರನೆಯವರು ಹೊಲಿಗೆ ಅಂಗಡಿಯಾಕೆ. ಅವರ ಮಗಳು ಪಿಟೀಲಿನ ಬೆಂಚಿನಲ್ಲೇ ಕೂರುತ್ತಿದ್ದವಳು. ದೊಡ್ಡ ಗಂಟಲಿನ ಹುಡುಗಿ. ಬೀದಿಯ ಆ ತುದಿಯಲ್ಲಿದ್ದರೂ ಬರುತ್ತಿದ್ದಾಳೆಂದು ಈ ತುದಿಗೆ ಗೊತ್ತಾಗುತ್ತಿತ್ತು, ಅದಕ್ಕೇ ಎಲ್ಲರ ಬಾಯಲ್ಲೂ ಅವಳ ಹೆಸರು ಗುಡುಗು. ಮೊದಲು ವಾರದಲ್ಲಿ ಆರು ದಿನ ನಮ್ಮ ಮನೆಯಲ್ಲಿರುತ್ತಿದ್ದಳು. ಎರಡು ತಿಂಗಳಿಂದ ನೆರಳೂ ಕಂಡಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಕೋಪ ನನಗೆ ಅವಳ ಮೇಲೆಯೇ ಇತ್ತು.

ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅಕ್ಕಾ, ನಾನೇ ಬರಬೇಕು ಅಂತಿದ್ದೆ. ಮುಖ ಇರ್ಲಿಲ್ಲ. ಅವತ್ತು ಕ್ಲಾಸಲ್ಲಿ ನಮ್ಮವಳು ತಮಾಷೆಗೆ ಹಿಂದಿನಿಂದ ಹೋಗಿ ನಿಮ್ಮ ಮಗೂನ ಕಿವೀಲಿ ಕೂಗಿದ್ಲಂತೆ. ಕೂಗಿದ ತಕ್ಷಣ ಅವಳು ಬಿದ್ದಿದಾಳೆ. ಆಮೇಲೆ ಬಾಗಿಲು ಹಾಕ್ಬಿಟ್ರು. ಅವತ್ತಿಂದ ಇವಳು ಜೋರಾಗಿ ಒಂದು ಮಾತಾಡಿಲ್ಲ. ಊಟ ಬೇಕು ಅನ್ನೋದನ್ನೂ ಪಿಸುಗುಡ್ತಾಳೆ. ನಾನು ಪಾರ್ಟಿಗೆ ಹೋದ್ರೆ ಅವಳು ಈ ಸಲ ಸತ್ತೇ ಹೋಗ್ತಾಳೆ ಅಂತ ಕಾರ್ಡ್ ತಂದು ನನ್ನ ಬಟ್ಟೆ ರಾಶಿ ಕೆಳಗೆ ಬಚ್ಚಿಟ್ಟಿದಾಳೆ."

ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎರಡು ಸಂಗತಿಗೆ. ಏಳು ವರ್ಷದ ಕೂಸೊಂದು ಎರಡು ತಿಂಗಳಿಂದ ಕೊಲೆಯ ಭಾರ ಹೊತ್ತುಕೊಂಡಿದೆ ಎನ್ನುವುದು ಒಂದು. ಅದಕ್ಕಿಂತ ಮೊದಲು ಬಂದ ಯೋಚನೆ ಇನ್ನೊಂದು. ಹಾಗಾದರೆ ಕೂಗಿದ್ದರಿಂದಲೇ ಆಯಿತಾ?

ತಕ್ಷಣ ನರರೋಗದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, "ಕೂಗಿನಿಂದ ಅಲ್ಲಮ್ಮ. ನಿಮ್ಮ ಮಗಳ ಪರೀಕ್ಷೆಗಳಲ್ಲಿ ಅಂಥದ್ದೇನೂ ಕಾಣಲ್ಲ. ಸಾಮಾನ್ಯವಾಗಿ ಹಾಗಾಗಲ್ಲ" ಎಂದರು. ಕೊನೆಯ ವಾಕ್ಯ ಅವರು ಹೇಳದಿದ್ದರೆ ಚೆನ್ನಾಗಿತ್ತು. ಸಾಮಾನ್ಯವಾಗಿ ಎಂಬ ಪದವನ್ನು ತಲೆದಿಂಬು ಮಾಡಿಕೊಂಡು ಯಾವ ತಾಯಿಗೂ ನಿದ್ದೆ ಬರುವುದಿಲ್ಲ.

ಕೆಲಸ ಮುಗಿಸಿ ನೆಟ್ಟಗೆ ಹೊಲಿಗೆ ಅಂಗಡಿಗೆ ಹೋದೆ. ಗುಡುಗು ಕತ್ತರಿಸುವ ಮೇಜಿನ ಕೆಳಗೆ ಬಟ್ಟೆ ಚೂರುಗಳ ನಡುವೆ ಕೂತಿದ್ದಳು. ನಾನೂ ಬಗ್ಗಿ ನೆಲದ ಮೇಲೆ ಕೂತೆ.

"ನೀನು ಕೂಗಿದ್ದಕ್ಕೆ ಆಗಿದ್ದಲ್ಲ ಪುಟ್ಟೀ. ಡಾಕ್ಟ್ರೇ ಹೇಳಿದಾರೆ."

ಅವಳು ನನ್ನನ್ನು ನಂಬಬೇಕೋ ಬೇಡವೋ ಎಂದು ಬಹಳ ಹೊತ್ತು ನೋಡಿದಳು. ಆಮೇಲೆ ತುಟಿ ಮಾತ್ರ ಅಲುಗಿತು.

"ಮತ್ತೆ ಬಂದ್ರೆ, ಆಂಟಿ?"

ಎರಡು ತಿಂಗಳಿಂದ ನಾನು ಯಾರ ಮುಂದೆಯೂ ಆಡದೆ ಇಟ್ಟುಕೊಂಡಿದ್ದ ಮಾತು ಅದು. ಬರಲ್ಲ ಎಂದು ಹೇಳಿಬಿಡಬಹುದಿತ್ತು.

"ಬಂದ್ರೆ ಪಕ್ಕಕ್ಕೆ ಮಲಗಿಸೋಣ. ಕುರ್ಚಿ ಸರಿಸೋಣ. ನೀನು ನನ್ನ ಕರಿ. ಬಾಗಿಲು ಮಾತ್ರ ಯಾರೂ ಹಾಕೋದು ಬೇಡ."

ಅವಳು ಬರುತ್ತೇನೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಉಳಿದ ಮನೆಗಳಿಗೆ ಆ ಸಂಜೆಯೇ ಫೋನ್ ಮಾಡಿ ಮುಗಿಸಿದೆ.

ಶನಿವಾರ ಬೆಳಿಗ್ಗೆಯಿಂದ ಮೇಜಿನ ಮೂಲೆಗಳಿಗೆ, ಮಂಚದ ಕಾಲುಗಳಿಗೆ, ಕಿಟಕಿಯ ಕಟ್ಟೆಗೆ ಹಳೆಯ ಬಟ್ಟೆ ಸುತ್ತಿ ಕಟ್ಟಿದೆ. ಬಸ್ ಓಡಿಸುವ ನನ್ನ ಗಂಡ ಪಾಳಿ ಬದಲಾಯಿಸಿಕೊಂಡು ಬಂದವರು ಬಲೂನು ತಂದಿದ್ದರು. ಒಡೆದರೆ ಸದ್ದಾಗುತ್ತದೆಂದು ಅವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅತ್ತೆ ಸುತ್ತ ಕಣ್ಣಾಡಿಸಿ, "ಮಗು ಚೆನ್ನಾಗೇ ಇದೆ. ಮನೆಗೇ ಪೆಟ್ಟು ಬಿದ್ದ ಹಾಗಿದೆ" ಎಂದರು.

ಐದು ಮಕ್ಕಳು ಬಂದರು. ಔಷಧಿ ಅಂಗಡಿಯವರು ಮಗನನ್ನು ಬಿಟ್ಟು ಹೋಗದೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತರು. ಮಕ್ಕಳು ಗೋಡೆಯುದ್ದಕ್ಕೂ ನಿಂತು, ಪಿಟೀಲು ಮಿಸುಕಿದರೆ ತಾವೂ ಮಿಸುಕುತ್ತಿದ್ದರು. ನಾನಂತೂ ಅವಳ ರೆಪ್ಪೆಯನ್ನೇ ನೋಡುತ್ತಿದ್ದೆ. ನನ್ನ ಬೆನ್ನು ಬೆವರಿ ರವಿಕೆ ಅಂಟಿಕೊಂಡಿತ್ತು. ಇದೇನು ಹುಟ್ಟುಹಬ್ಬವೋ ಆಸ್ಪತ್ರೆಯ ಕಾಯುವ ಕೋಣೆಯೋ ಎನ್ನುವ ಹಾಗಿತ್ತು.

ಎಲ್ಲರಿಗಿಂತ ಕೊನೆಗೆ, ತಾಯಿಯ ಸೆರಗು ಹಿಡಿದು ಗುಡುಗು ಬಂದಳು. ಹೊಸ್ತಿಲಲ್ಲೇ ನಿಂತು ಏನೋ ಪಿಸುಗುಟ್ಟಿದಳು.

"ಏನು? ಕೇಳಿಸ್ತಿಲ್ಲ" ಎಂದಳು ಪಿಟೀಲು.

ಮತ್ತೆ ಪಿಸುಮಾತು.

"ಯಾಕೆ ಹಾಗೆ ಮಾತಾಡ್ತೀಯ? ನಿಂಗೇನು ಜ್ವರಾನಾ?"

ಗುಡುಗು ಅಳತೊಡಗಿದಳು, ಸದ್ದಿಲ್ಲದೆ. "ನಾನು ಕೂಗಿದ್ದಕ್ಕೇ ನೀನು ಬಿದ್ದೆ ಅಲ್ವಾ?"

ಪಿಟೀಲು ಒಂದಿಷ್ಟು ಯೋಚಿಸಿದಳು. ಬಿದ್ದದ್ದು ಅವಳಿಗೆ ಒಂದಿಷ್ಟೂ ನೆನಪಿಲ್ಲ, ಅದನ್ನು ಬೇರೆಯವರ ಕಣ್ಣುಗಳಲ್ಲಿ ನೋಡಿದ್ದಾಳೆ ಅಷ್ಟೇ. ಅವಳು ನಡೆದು ಹೋಗಿ ಗೆಳತಿಯ ಮುಂದೆ ನಿಂತಳು. ಕೂದಲನ್ನು ಹಿಂದಕ್ಕೆ ಸರಿಸಿ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಳು.

"ಕೂಗು."

"ಬೇಡ."

"ಕೂಗು ಅಂದೆ ತಾನೆ. ನೋಡೋಣ."

ಗುಡುಗು ನನ್ನತ್ತ ನೋಡಿದಳು. ಔಷಧಿ ಅಂಗಡಿಯವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಮಕ್ಕಳೆಲ್ಲ ನನ್ನತ್ತ ನೋಡಿದರು, ಅತ್ತೆಯೂ. ಬೇಡ ಎಂಬ ಒಂದೇ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಬೇಡ ಅಂದರೆ ಹುಡುಗಿಯರಿಬ್ಬರೂ ಕೇಳುತ್ತಿದ್ದರು. ಬೇಡ ಅಂದರೆ ಈ ಐದು ಮಕ್ಕಳೂ ಮನೆಗೆ ಹೋಗಿ, ಅವರಮ್ಮನೇ ಹೆದರಿದರು ಎನ್ನುತ್ತಿದ್ದರು. ದೇವರೇ, ಸಾಮಾನ್ಯವಾಗಿ ಅಂದರೆ ಎಷ್ಟು?

ನಾನು ಹೂಂ ಎಂದು ತಲೆಯಾಡಿಸಿದೆ.

ಗುಡುಗು ಎರಡು ತಿಂಗಳ ಉಸಿರನ್ನೆಲ್ಲ ಒಟ್ಟಿಗೆ ಎಳೆದುಕೊಂಡು ಕೂಗಿದಳು. ಕಿಟಕಿಯ ಗಾಜು ಅದುರಿತು. ಪಿಟೀಲು ಕಣ್ಣು ಬಿಗಿಯಾಗಿ ಮುಚ್ಚಿದಳು, ಅವಳ ಭುಜ ಥಟ್ಟನೆ ಮೇಲೆದ್ದಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಭುಜ ಇಳಿಯಲಿಲ್ಲ, ಕಣ್ಣು ತೆರೆಯಲಿಲ್ಲ. ಆ ಹೊತ್ತಿನಲ್ಲಿ ನಾನು ಅವಳನ್ನು ಒಮ್ಮೆ ಕಳೆದುಕೊಂಡೆ.

ಆಮೇಲೆ ಅವಳು ಒಂದು ಕಣ್ಣು ಬಿಟ್ಟಳು.

"ಇಷ್ಟೇನಾ?" ಎಂದಳು. "ಇನ್ನೂ ಜೋರಾಗಿ."

ಗೋಡೆಗೆ ಒರಗಿದ್ದ ಮಕ್ಕಳಲ್ಲಿ ಒಬ್ಬ ನಕ್ಕ. ಔಷಧಿ ಅಂಗಡಿಯವರ ಮಗ ಓಡಿಬಂದು ಇನ್ನೊಂದು ಕಿವಿಯ ಕಡೆ ನಿಂತ. ಉಳಿದವರು ಅವನ ಹಿಂದೆ, ನಾನು ನಾನು ಎಂದು ತಳ್ಳಾಡುತ್ತ. ನನ್ನ ಭಯ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಕೈಗಳು ತಾವಾಗಿಯೇ ಅವಳತ್ತ ಚಾಚುತ್ತಿದ್ದವು. ಅವನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡು, ಸಾಲಿನಲ್ಲಿದ್ದ ಕೊನೆಯ ಮಗು ಕೂಗಿ ಮುಗಿಸುವವರೆಗೆ ಅಲ್ಲೇ ನಿಂತಿದ್ದೆ.