ಗೋಗನ ದಂಡು, ಹತ್ತು ಸಾಲು ಶೇಂಗಾ

ಹಣೆ ತುಂಬ ವಿಭೂತಿ ಬಳಿದುಕೊಳ್ಳುವ ದೇವಸಮುದ್ರದ ಜಂಬುಲಿಂಗಪ್ಪನಿಗೆ ಬೈಬಲ್ಲಿನ ಭವಿಷ್ಯವಾಣಿಯ ಹುಚ್ಚು ಹತ್ತಿದ್ದು ಫೋನಿನ ಕೃಪೆಯಿಂದ. ಏನೋ ತೆಲುಗು ಹಾಡು ಹುಡುಕಲು ಹೋದವನಿಗೆ ತೆಲುಗು ಪಾಸ್ಟರೊಬ್ಬರು ಸಿಕ್ಕರು. ಕಡೆಗಾಲದಲ್ಲಿ ಉತ್ತರದಿಂದ ಗೋಗನೆಂಬವನು ದಂಡು ಕಟ್ಟಿಕೊಂಡು, ನಾಡನ್ನೇ ಮುಚ್ಚುವ ಮೋಡದ ಹಾಗೆ ಬರುತ್ತಾನೆ, ಆಗ ದೇವರು ತೀರ್ಪಿಗೆ ನಿಲ್ಲುತ್ತಾನೆ ಎಂದು ಅವರು ಹೇಳಿದ್ದೇ ತಡ, ಇವನಿಗೆ ಅನ್ನ ಸೇರದಾಯಿತು.

ಹೆದರಲು ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ ತಮ್ಮ ವಿಶ್ವನಾಥ ಮಾವನ ಮನೆಗೆ ಹೋಗಿದ್ದಾಗ, ಈ ಪುಣ್ಯಾತ್ಮ ಇಬ್ಬರ ಹೊಲದ ನಡುವಿನ ಬಾಂದುಕಲ್ಲನ್ನು ಕಿತ್ತು ತಮ್ಮನ ಕಡೆಗೆ ಸರಿಸಿ ನೆಟ್ಟಿದ್ದ. ಹತ್ತು ಸಾಲು ಶೇಂಗಾ ಬಿತ್ತುವಷ್ಟು ಜಾಗ. ತಮ್ಮ ಕೇಳಿದಾಗ ಶಿವನಾಣೆ, ನಾನಲ್ಲ ಎಂದ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಮೋಟರ್ ರಿಪೇರಿಗೆ ಚಳ್ಳಕೆರೆಗೆ ಹೋದಾಗ ಮೆಕ್ಯಾನಿಕ್ ನೂರ್ ಅಹಮ್ಮದನನ್ನು ಗೋಗನ ವಿಷಯ ಮೆಲ್ಲಗೆ ವಿಚಾರಿಸಿದ. ಯಾಜೂಜ್ ಮಾಜೂಜ್ ಅಂತ ನಮ್ಮಲ್ಲೂ ಹೇಳುತ್ತಾರೆ, ಯಾವಾಗ ಬರುತ್ತಾರೋ ಅಲ್ಲಾನಿಗೇ ಗೊತ್ತು, ನೀವು ಮೊದಲು ಬೇರಿಂಗ್ ಬದಲಾಯಿಸಿ ಎಂದ ಅವನು. ಪಾಸ್ಟರದೂ ಇವನದೂ ಒಂದೇ ಸಾಕ್ಷಿ! ಬೇರಿಂಗಿನ ಮಾತು ಜಂಬುಲಿಂಗಪ್ಪನ ಕಿವಿಗೇ ಬೀಳಲಿಲ್ಲ. ವಾಪಸು ಬರುವಾಗ ವರವು ಕಾವಲಿನಲ್ಲಿರುವ ಸರ್ಕಾರಿ ವಿಮಾನ ಪರೀಕ್ಷಾ ಕೇಂದ್ರದ ಕಡೆ ವಿಮಾನವೊಂದು ಗುಂಯ್ ಎಂದದ್ದಕ್ಕೆ ಬಸ್ಸಿನ ಸೀಟಿನಡಿ ತಲೆ ತೂರಿಸಿದ.

ಗೋಗನ ದಂಡು ಬಿಟ್ಟುಹೋದ ಬಿಲ್ಲು ಬಾಣಗಳೇ ಜನರಿಗೆ ಏಳು ವರ್ಷ ಸೌದೆಯಾಗುತ್ತವಂತೆ ಎಂದು ಹೆಂಡತಿ ಅನ್ನಪೂರ್ಣಮ್ಮನಿಗೆ ಹೇಳಿದ.

“ಹಂಗಾದ್ರೆ ಏಳು ವರ್ಷ ಗ್ಯಾಸ್ ಬುಕ್ ಮಾಡೋದು ತಪ್ಪಿತು ಬಿಡ್ರಿ,” ಎಂದು ಅವಳು ರೊಟ್ಟಿ ಮಗುಚಿದಳು.

ಮರುದಿನ ಮಧ್ಯಾಹ್ನ ಹೊಲದಲ್ಲಿ ನಿಂತಿದ್ದಾಗ ಉತ್ತರಕ್ಕೆ, ಬಳ್ಳಾರಿ ದಿಕ್ಕಿಗೆ, ಕೆಂಧೂಳು ಎದ್ದಿತು. ನೋಡನೋಡುತ್ತ ಮೋಡದಂತೆ ಹಬ್ಬಿತು. ಒಳಗಿನಿಂದ ಏನೋ ಗದ್ದಲ. ಗೋಗನೇ ಬಂದ! ಜಂಬುಲಿಂಗಪ್ಪ ಓಡಿದ, ಮನೆಗಲ್ಲ, ಪಕ್ಕದ ಹೊಲದಲ್ಲಿ ಕೂಳೆ ಆರಿಸುತ್ತಿದ್ದ ತಮ್ಮನ ಹತ್ತಿರ.

“ಲೇ ವಿಶ್ವ, ಆ ಕಲ್ಲು ಸರಿಸಿದ್ದು ನಾನೇ ಕಣೋ. ಶಿವನ ಮ್ಯಾಲೆ ಸುಳ್ಳಾಣೆ ಇಟ್ಟೆ. ನಿಂದು ಎಂಟು ಸಾಲು ತಿಂದೀನಿ.”

ಎಂಟು! ಬೆನ್ನ ಹಿಂದೆ ಗೋಗ ಬಂದು ನಿಂತಿದ್ದರೂ ಮಹಾರಾಯ ಎರಡು ಸಾಲು ಉಳಿಸಿಕೊಂಡ. ವಿಶ್ವನಾಥ ಕೈಯಲ್ಲಿದ್ದ ಕೂಳೆ ಕೆಳಗೆ ಹಾಕಿ ಅಣ್ಣನ ಮುಖ ನೋಡಿದ.

ಅಷ್ಟರಲ್ಲಿ ಧೂಳು ಸರಿದು ಕುರಿಗಳು ಕಂಡವು. ಒಂದಲ್ಲ ಎರಡಲ್ಲ, ಐನೂರು. ಮುಂದೆ ಕಂಬಳಿ ಹೊದ್ದ ಕುರಿಗಾಹಿ ಹುಲಿಯಪ್ಪ. ಬಿತ್ತನೆಗೆ ಮುಂಚೆ ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಬೀಳಿಸು ಎಂದು ಸಂಕ್ರಾಂತಿ ಕಳೆದ ಮೇಲೆ ಖುದ್ದು ಹೋಗಿ ವೀಳ್ಯ ಕೊಟ್ಟು ಕರೆದುಬಂದವನು ಜಂಬುಲಿಂಗಪ್ಪನೇ! ಫೋನಿನ ಗುಂಗಿನಲ್ಲಿ ಅದು ಮರೆತೇಹೋಗಿತ್ತು. ಛೇ, ಒಂದು ಗಳಿಗೆ ತಡೆದಿದ್ದರೆ ಬಾಯಿ ಬಿಡುವುದು ತಪ್ಪುತ್ತಿತ್ತಲ್ಲ ಎಂದು ಅವನು ಕೈ ಕೈ ಹಿಸುಕಿಕೊಂಡ. ತಮಾಷೆಗೆ ಅಂದೆ ಕಣೋ ಎಂದುಬಿಡಲೇ ಎಂದೂ ಅನಿಸಿತು.

ಹುಲಿಯಪ್ಪ ಹತ್ತಿರ ಬಂದು ಕೈ ಮುಗಿದ. “ಯಜಮಾನ್ರೆ, ಮಂದೆ ಎಲ್ಲೀತನಕ ಹರಡ್ಲಿ? ನಿಮ್ಮ ಎಲ್ಲೆ ತೋರಿಸ್ರಿ.”

ಐನೂರು ಕುರಿ, ಒಬ್ಬ ಕುರಿಗಾಹಿ, ಒಬ್ಬ ತಮ್ಮ, ಎಲ್ಲರ ಕಣ್ಣೂ ಅವನ ಮೇಲೇ. ಜಂಬುಲಿಂಗಪ್ಪ ಬೆವರು ಒರೆಸಿಕೊಂಡ. ಬಾಂದುಕಲ್ಲಿನ ಹತ್ತಿರ ಹೋಗಿ, ಅಡಿಗೊಂದು ಸಾಲಿನಂತೆ ಪಾದಕ್ಕೆ ಪಾದ ಕೂಡಿಸುತ್ತ ತನ್ನ ಹೊಲದೊಳಕ್ಕೆ ಎಂಟು ಪಾದ ಅಳೆದು ನಿಂತ.

“ಇಲ್ಲೀತನಕ ಕಣಪ್ಪ ನಂದು.”

ಒಂಬತ್ತು ವರ್ಷದ ಮೇಲೆ ವಿಶ್ವನಾಥ ಬಾಯಿ ಬಿಟ್ಟ.

“ಇನ್ನೂ ಎರಡು ಐತೆ ಅಣ್ಣ.”

ಜಂಬುಲಿಂಗಪ್ಪನಿಗೆ ನಾಚಿಕೆಯಾಯಿತು. ಅಣ್ಣ ಎಂಬ ಮಾತಿಗೆ ಅಳುವೂ ಬಂತು. ಮೂಗು ಒರೆಸಿಕೊಂಡು ಇನ್ನೆರಡು ಪಾದ ಅಳೆದ.